ಬೀದಿಬದಿ ವ್ಯಾಪಾರಿಗಳ ಸಮೀಕ್ಷೆ: ನಮ್ಮ ಊರಲ್ಲಿ ಮಾಡಿದ ಬಗೆ

ಬೀದಿಬದಿ ವ್ಯಾಪಾರಿಗಳ ಸಮೀಕ್ಷೆಯನ್ನು ಕಚೇರಿ ವೇಳೆಯಲ್ಲಿ ಮಾಡಿದರೆ ಅರ್ಧ ಮಾರುಕಟ್ಟೆ ಪಟ್ಟಿಯಿಂದ ಬಿಟ್ಟುಹೋಗುತ್ತದೆ. ಹನ್ನೊಂದು ಗಂಟೆಗೆ ರಿಜಿಸ್ಟರ್ ಹಿಡಿದು ಬಸ್‌ಸ್ಟ್ಯಾಂಡ್ ರಸ್ತೆಗೆ ಹೋದರೆ ಸಿಗುವವರು ಹಣ್ಣಿನ ತಳ್ಳುಗಾಡಿಯವರು, ಮೊಬೈಲ್ ಕವರ್ ಮಾರುವವರು. ಸೊಪ್ಪಿನವರು ಅಷ್ಟೊತ್ತಿಗೆ ಬುಟ್ಟಿ ಖಾಲಿ ಮಾಡಿ ಹಳ್ಳಿ ಬಸ್ ಹತ್ತಿರುತ್ತಾರೆ. ಬಜ್ಜಿ, ಎಗ್‌ರೈಸ್ ಗಾಡಿಗಳು ಬರುವುದೇ ಸಂಜೆಗೆ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಸಮೀಕ್ಷೆ ಮುಗಿದು ವ್ಯಾಪಾರದ ಪ್ರಮಾಣಪತ್ರ ಕೊಡುವ ತನಕ ಯಾರನ್ನೂ ಎಬ್ಬಿಸುವಂತಿಲ್ಲ. ಸಮೀಕ್ಷೆಯಲ್ಲೇ ಬಿಟ್ಟುಹೋದವರು ಆಮೇಲೆ ಯಾವ ಕಾಗದ ತೋರಿಸುತ್ತಾರೆ?

ನಾನು ವ್ಯಾಪಾರಿಗಳ ಸಂಘದ ಪರವಾಗಿ ಓಡಾಡುವವಳು. ಬೆಳಗಿನ ಜಾವ, ಮಧ್ಯಾಹ್ನ, ರಾತ್ರಿ ಹೀಗೆ ಮೂರು ಹೊತ್ತು ಎಣಿಸೋಣ, ಸಂತೆ ದಿನ ಬೇರೆಯಾಗಿ ಎಣಿಸೋಣ ಎಂದು ಪುರಸಭೆಯವರನ್ನು ಕೇಳಿದೆವು. “ಬೆಳಗ್ಗೆ ಐದಕ್ಕೆ ನಮ್ಮೋರು ಯಾರು ಬರ್ತಾರೆ ಮೇಡಂ?” ಎಂದು ನಕ್ಕರು. ಕೊನೆಗೆ ಬಿಲ್ ಕಲೆಕ್ಟರ್ ಒಬ್ಬರು ಬಂದರು. ಸಹಿ ಹಾಕಲು ಅವರಿದ್ದರೆ ಸಾಕಿತ್ತು.

ದಾಖಲೆಯದೇ ದೊಡ್ಡ ಪಾಡು. ಎಷ್ಟು ವರ್ಷದಿಂದ ಕೂತಿದ್ದೀರಿ ಎಂದರೆ ಎಲ್ಲರೂ “ಮೊದ್ಲಿಂದ” ಎನ್ನುತ್ತಾರೆ. ಕೊತ್ತಂಬರಿ ಮಾರುವ ಅಜ್ಜಿಯೊಬ್ಬರು ಎಲೆಅಡಿಕೆ ಸಂಚಿ ಬಿಚ್ಚಿ, ಸುಣ್ಣ ಮೆತ್ತಿದ ಸುಂಕದ ಚೀಟಿಗಳ ಕಟ್ಟು ತೆಗೆದು “ತಗಳವ್ವ” ಎಂದು ಕೈಗಿಟ್ಟರು. ತಾರೀಖು ಇತ್ತು, ಹೆಸರಿರಲಿಲ್ಲ. ಅಲ್ಲಿಂದ ಮುಂದೆ ಫಾರಂನಲ್ಲಿ ಎಡಗಡೆಯವರ ಹೆಸರು, ಬಲಗಡೆಯವರ ಹೆಸರು ಎಂದು ಎರಡು ಕಲಂ ಸೇರಿಸಿದೆವು. ಅಕ್ಕಪಕ್ಕದವರು ಹೆಬ್ಬೆಟ್ಟು ಒತ್ತಿದರೆ ಅದೇ ಸಾಕ್ಷಿ. ಸುಳ್ಳು ಸೇರುವುದೂ ಕಷ್ಟವಾಯಿತು, ಏಕೆಂದರೆ ಪಕ್ಕದಲ್ಲಿ ಹೊಸಬರು ತೂರಿಕೊಳ್ಳಲಿ ಎಂದು ಯಾರೂ ಬಯಸುವುದಿಲ್ಲ.

ಹೂವಿನ ಸಾಲಿನಲ್ಲಿ ಹೆಂಗಸರು “ಯಜಮಾನ್ರ ಹೆಸ್ರು ಬರ್ಕೊಳಕ್ಕ” ಎನ್ನುತ್ತಿದ್ದರು. ಇಲ್ಲಿ ನಾನು ಹಟ ಹಿಡಿದೆ. ಆಕೆಯ ಹೆಸರಲ್ಲಿ ಪ್ರಮಾಣಪತ್ರವಿದ್ದರೂ ಮನೆಯವರು ಕೂತು ಮಾರಬಹುದು, ಕಾಯ್ದೆ ಅಡ್ಡಿ ಮಾಡುವುದಿಲ್ಲ. ಆದರೆ 2020ರಲ್ಲಿ ಬಂದ ಪಿಎಂ ಸ್ವನಿಧಿ ಎಂಬ ಕೇಂದ್ರ ಸರ್ಕಾರದ ಯೋಜನೆಯ ಸಾಲ (ಮೊದಲ ಕಂತು ಆಗ 10,000 ರೂಪಾಯಿ ಇತ್ತು) ಬರುವುದು ವ್ಯಾಪಾರಿ ಎಂದು ಗುರುತಾದವರ ಹೆಸರಿಗೆ. ಬೆಳಗ್ಗೆ 900 ಕೊಟ್ಟು ಸಂಜೆ 1000 ಕೇಳುವ ಬಡ್ಡಿಯವನಿಗೆ ದಿನಾ ಎದುರಾಗುವವಳು ಆಕೆ, ಯಜಮಾನರಲ್ಲ.

ಜಾಗದ ವಿಷಯ ಬಂದಾಗ ಎಲ್ಲರನ್ನೂ ಊರಾಚೆಯ ಖಾಲಿ ಸೈಟಿಗೆ ಸಾಗಿಸುವ ಮಾತು ಎದ್ದಿತು. ಗಿರಾಕಿ ಬಸ್ಸಿಳಿದು ಸೊಪ್ಪಿಗಾಗಿ ಊರಾಚೆ ಹೋಗುವುದುಂಟೆ? ವಾದ ಬಿಟ್ಟು ಟೇಪು ಹಿಡಿದೆವು. ಗೋಣಿತಾಟು ಹಾಸಿ ಕೂರುವವರಿಗೆ ನಾಲ್ಕಡಿ ಅಗಲ ಸಾಕು, ಒಂದು ಕಾರು ನಿಲ್ಲುವ ಜಾಗದಲ್ಲಿ ಮೂವರು ಸಲೀಸಾಗಿ ಕೂರುತ್ತಾರೆ. ಒಂದೇ ಜಾಗದಲ್ಲಿ ಬೆಳಗ್ಗೆ ಸೊಪ್ಪು, ಸಂಜೆ ಬಜ್ಜಿ ಎಂದು ಪಾಳಿ ಹಂಚಲು ಕಾಯ್ದೆಯಲ್ಲೇ ಅವಕಾಶವಿದೆ. ನಡೆಯುವವರಿಗೆ ದಾರಿ ಬಿಟ್ಟು ಹಳದಿ ಗೆರೆ ಎಳೆದದ್ದು ಈ ಲೆಕ್ಕದ ಮೇಲೆ.

ಇಂಥ ವಿಷಯಗಳನ್ನು ನೋಡಿಕೊಳ್ಳಲು ಕಾಯ್ದೆಯಡಿ ರಚಿಸುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40 ಮಂದಿ ವ್ಯಾಪಾರಿಗಳೇ ಆರಿಸಿದವರಿರಬೇಕು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರು. ಮೊದಲ ಸಭೆಯಲ್ಲಿ ಗಂಡಸರು ಗೆರೆ, ನೆರಳು, ಟ್ರಾಫಿಕ್ ಪೊಲೀಸರ ಬಗ್ಗೆ ಮಾತಾಡಿದರು. ಹೂವಿನ ಸಾಲಿನಿಂದ ಆರಿಸಿಬಂದಾಕೆ ಕೇಳಿದ್ದು ಒಂದೇ: ನಾವು ನಾಲ್ಕೂವರೆಗೆ ಬರ್ತೀವಿ, ಬಸ್‌ಸ್ಟ್ಯಾಂಡ್ ಶೌಚಾಲಯದ ಬೀಗ ಆರಕ್ಕೆ ತೆಗೀತಾರೆ, ಅಲ್ಲೀತನಕ ಎಲ್ಲಿಗೆ ಹೋಗೋದು? ಈಗ ಬೀಗದ ಕೈ ಹೂವಿನ ಸಾಲಿನಲ್ಲೇ ಇರುತ್ತದೆ.

ಸುಂಕದ ಕಿರಿಕಿರಿ ಮಾತ್ರ ಮುಗಿದಿಲ್ಲ. ಸುಂಕ ವಸೂಲಿಯ ಹರಾಜು ಹಿಡಿದವರ ಹುಡುಗರು ಪ್ರಮಾಣಪತ್ರ ನೋಡಿದರೂ ಬಾಯಿಗೆ ಬಂದಷ್ಟು ಕೇಳುತ್ತಾರೆ. ಮುಂದಿನ ಹರಾಜಿನ ಷರತ್ತುಗಳಲ್ಲೇ ದರಪಟ್ಟಿಯ ಬೋರ್ಡು ಹಾಕುವುದನ್ನು ಸೇರಿಸಿ ಎಂದು ಅರ್ಜಿ ಕೊಟ್ಟಿದ್ದೇವೆ.