ಬೋಟ್ ನನ್ನದಾಯಿತು, ಹೆಸರು ಇನ್ನೊಬ್ಬರದ್ದೇ ಇತ್ತು

ಹದಿನಾರು ವರ್ಷ ಬೇರೆಯವರ ಬೋಟಿನಲ್ಲಿ ದುಡಿದವನು ನಾನು. ಮೊದಲು ಕಲಾಸಿ, ಅಂದರೆ ಬೋಟಿನ ಕೆಲಸಗಾರ, ಆಮೇಲೆ ತಾಂಡೇಲ, ಅಂದರೆ ಬೋಟ್ ನಡೆಸುವವನು. ಮಲ್ಪೆ, ಗಂಗೊಳ್ಳಿ, ಮಂಗಳೂರು ದಕ್ಕೆ, ಎಲ್ಲ ಕಡೆ ಮೀನು ಇಳಿಸಿದ್ದೇನೆ. ಇಂಜಿನ್ ಸದ್ದು ಕೇಳಿಯೇ ಎಲ್ಲಿ ತೊಂದರೆ ಅಂತ ಹೇಳಬಲ್ಲೆ. ಆದರೆ ಬೋಟಿನ ಕಾಗದಪತ್ರ ಹೇಗಿರುತ್ತದೆ ಅಂತ ಒಮ್ಮೆಯೂ ಬಿಡಿಸಿ ನೋಡಿದವನಲ್ಲ. ಅದೆಲ್ಲ ಓನರ್ ಕೆಲಸ ಅಲ್ವಾ? ನಾನೇ ಓನರ್ ಆಗಲು ಹೊರಟಾಗ ಗೊತ್ತಾಯಿತು.

ಹೊಸ ಬೋಟ್ ಕಟ್ಟಿಸುವ ಯೋಚನೆ ಇರಲಿಲ್ಲ. ಅದಕ್ಕೆ ಮೀನುಗಾರಿಕೆ ಇಲಾಖೆಯಿಂದ ಸಾಧ್ಯತಾ ಪತ್ರ, ಅಂದರೆ ಕಟ್ಟಿಸುವ ಮೊದಲೇ ಪಡೆಯುವ ಅನುಮತಿ ಬೇಕು, ಕೇಳಿದ ಕೂಡಲೇ ಸಿಗುವಂಥದ್ದಲ್ಲ. ಕೈಯಲ್ಲಿ ಅಷ್ಟು ದುಡ್ಡೂ ಇರಲಿಲ್ಲ. ಹಾಗಾಗಿ ಸೆಕೆಂಡ್ ಹ್ಯಾಂಡ್ ಹುಡುಕಿದೆ. ಒಬ್ಬರು ಹಿರಿಯರು ತಮ್ಮ ಸಣ್ಣ ಟ್ರಾಲ್ ಬೋಟ್ (ಬಲೆ ಎಳೆದು ಮೀನು ಹಿಡಿಯುವ ಬೋಟ್) ಮಾರುವವರಿದ್ದರು. ಮಕ್ಕಳು ಯಾರೂ ಕಡಲಿಗೆ ಇಳಿಯುವವರಲ್ಲ. ಮೇ ತಿಂಗಳ ಕೊನೆಗೆ ಮಾತುಕತೆ ಮುಗಿಯಿತು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಹೇಗೂ ಯಾಂತ್ರೀಕೃತ ಬೋಟುಗಳಿಗೆ ಮೀನುಗಾರಿಕೆ ಬಂದ್. ಅಷ್ಟರೊಳಗೆ ಹೆಸರು ಬದಲಾಯಿಸಿಕೊಂಡು, ಬಣ್ಣ ಹೊಡೆದು, ಆಗಸ್ಟ್ 1ಕ್ಕೆ ಹೊರಡುವುದು ನನ್ನ ಲೆಕ್ಕ.

ಒಂದು ಕೆಲಸ ಮಾತ್ರ ಸರಿಯಾಗಿ ಮಾಡಿದ್ದೆ. ಕೊನೆಯ ಕಂತು ಹಣವನ್ನು ಆರ್‌ಸಿಯಲ್ಲಿ, ಅಂದರೆ ಬೋಟಿನ ನೋಂದಣಿ ಪತ್ರದಲ್ಲಿ, ನನ್ನ ಹೆಸರು ಬಂದ ಮೇಲೆ ಕೊಡುವುದು ಅಂತ ಕರಾರಿನಲ್ಲೇ ಬರೆಸಿದ್ದೆ. ಇದು ನನ್ನ ಬುದ್ಧಿಯಲ್ಲ, ಹೆಂಡತಿಯದು. ಅವಳು ಹೇಳದಿದ್ದರೆ ಪೂರ್ತಿ ದುಡ್ಡು ಕೊಟ್ಟು ಕೈಮುಗಿದು ಬರುತ್ತಿದ್ದೆ.

ಈಗ ಕಾಗದದ ವಿಷಯ. ನಮ್ಮಲ್ಲಿ ಜಾಸ್ತಿ ಜನ "ಲೈಸೆನ್ಸ್ ಟ್ರಾನ್ಸ್‌ಫರ್" ಅಂತ ಒಂದೇ ಮಾತಿನಲ್ಲಿ ಹೇಳಿಬಿಡುತ್ತಾರೆ. ನಾನೂ ಹಾಗೇ ಕೇಳಿಕೊಂಡು ಕಚೇರಿಗೆ ಹೋಗಿದ್ದೆ. ನೋಡಿದರೆ ಅದು ಎರಡು ಬೇರೆ ಬೇರೆ ಕೆಲಸ. ಒಂದು ನೋಂದಣಿ, ನಾವು ಆರ್‌ಸಿ ಅನ್ನುವುದು. ಅದು 1958ರ ಮರ್ಚೆಂಟ್ ಶಿಪ್ಪಿಂಗ್ ಕಾಯ್ದೆಯ ಕೆಳಗೆ ಆಗಿದ್ದು. ಬೋಟ್ ಯಾರದ್ದು, ಉದ್ದ ಎಷ್ಟು, ಇಂಜಿನ್ ಯಾವುದು ಅಂತ ಅದರಲ್ಲಿರುತ್ತದೆ. ಇನ್ನೊಂದು ಮೀನು ಹಿಡಿಯುವ ಲೈಸೆನ್ಸ್. ಅದು ನಮ್ಮ ರಾಜ್ಯದ 1986ರ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆಯದ್ದು. ದಡದಿಂದ 12 ನಾಟಿಕಲ್ ಮೈಲಿವರೆಗಿನ ನೀರು ರಾಜ್ಯದ ಹಿಡಿತದಲ್ಲಿದೆ, ಅಲ್ಲಿ ಬಲೆ ಹಾಕಲು ಈ ಅನುಮತಿ ಬೇಕು. ಬಸ್ಸಿಗೆ ಆರ್‌ಸಿ ಬೇರೆ, ಪರ್ಮಿಟ್ ಬೇರೆ ಇದ್ದ ಹಾಗೆ. ನಾನು ಮಾಡಿದ್ದೂ ಹಾಗೆಯೇ. ಆರ್‌ಸಿಯಲ್ಲಿ ಹೆಸರು ಬದಲಾಯಿಸಿಕೊಂಡೆ, ಆಮೇಲೆ ಲೈಸೆನ್ಸಿಗೆ ನನ್ನ ಹೆಸರಲ್ಲೇ ಹೊಸದಾಗಿ ಅರ್ಜಿ ಹಾಕಿದೆ. ಹಿಂದು ಮುಂದು ಮಾಡಿದರೆ ಕೆಲಸ ಆಗುವುದಿಲ್ಲ. ಬೋಟ್ ನಿಮ್ಮದು ಅಂತ ತೋರಿಸದೆ ಲೈಸೆನ್ಸ್ ಕೇಳುವುದು ಹೇಗೆ?

ಅರ್ಜಿ ಆನ್‌ಲೈನ್, ರಿಯಲ್‌ಕ್ರಾಫ್ಟ್ ಅನ್ನುವ ವ್ಯವಸ್ಥೆಯಲ್ಲಿ. ದೇಶದ ಕರಾವಳಿಯ ಬೋಟುಗಳೆಲ್ಲ ಅದರೊಳಗೆ ಬರುತ್ತವೆ. 2008ರಲ್ಲಿ ಮುಂಬೈ ದಾಳಿಗೆ ಬಂದವರು ಕುಬೇರ್ ಅನ್ನುವ ಮೀನುಗಾರಿಕೆ ಬೋಟನ್ನೇ ಹಿಡಿದು ತಂದಿದ್ದರಲ್ಲ, ಅದಾದ ಮೇಲೆ ಈ ಲೆಕ್ಕಪತ್ರ ಬಿಗಿಯಾಯಿತು. ಈಗ ಬೋಟಿನ ನಂಬರ್ ಓದಿದರೇ ಅರ್ಧ ಜಾತಕ ಗೊತ್ತಾಗುತ್ತದೆ. ಐಎನ್‌ಡಿ ಅಂದರೆ ಭಾರತ, ಕೆಎ ಅಂದರೆ ಕರ್ನಾಟಕ, ಮುಂದಿನ ಎರಡು ಅಂಕಿ ಜಿಲ್ಲೆಯದ್ದು, ಎಂಎಂ ಇದ್ದರೆ ಯಾಂತ್ರೀಕೃತ ಬೋಟ್.

ಅರ್ಜಿ ತುಂಬಲು ಕುಳಿತಾಗ ಇಂಜಿನ್ ನಂಬರಿನ ಅಚ್ಚು ಬೇಕು ಅಂದರು. ಸುಲಭದ ಕೆಲಸ ಅಂದುಕೊಂಡೆ. ಬೋಟ್ ದಡಕ್ಕೆ ಎಳೆದಿತ್ತು. ಇಂಜಿನ್ ಕೋಣೆಗೆ ಇಳಿದೆ. ಹೊರಗೆ ಮಳೆ, ಒಳಗೆ ಡೀಸೆಲ್ ವಾಸನೆ, ಕಾಲಡಿ ಎಣ್ಣೆ ಬೆರೆತ ನೀರು. ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು, ಸೀಮೆಎಣ್ಣೆ ಬಟ್ಟೆಯಿಂದ ಬ್ಲಾಕಿನ ಪಕ್ಕ ಉಜ್ಜಿದೆ. ವರ್ಷಗಳ ಗ್ರೀಸ್ ಪದರ ಪದರವಾಗಿ ಎದ್ದು ಬಂತು. ಅಂಕಿಗಳು ಕಂಡ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಅಡ್ಡ ಮಾಡಿ ಉಜ್ಜಿದೆ. ಒಂದೊಂದೇ ಅಂಕಿ ಬಿಳಿಯಾಗಿ ಮೂಡಿತು. ಖುಷಿಯಾಗಿ ಮೇಲೆ ಬಂದು ಆರ್‌ಸಿ ಪಕ್ಕದಲ್ಲಿಟ್ಟು ನೋಡಿದರೆ ಒಂದು ಅಂಕಿಯೂ ಕೂಡಿ ಬರುತ್ತಿಲ್ಲ. ತಪ್ಪು ಜಾಗ ಉಜ್ಜಿದೆನೇನೋ ಅಂತ ಮತ್ತೆ ಇಳಿದೆ. ಇಲ್ಲ, ಅದೇ ಜಾಗ.

ಹಿರಿಯರಿಗೆ ಫೋನ್ ಮಾಡಿದೆ.

"ಅಣ್ಣ, ಆರ್‌ಸಿಯಲ್ಲಿ ಇರುವ ಇಂಜಿನ್ ಬೇರೆ, ಬೋಟಲ್ಲಿ ಇರುವುದು ಬೇರೆ."

"ಓ, ಅದು ಹಳೆ ಇಂಜಿನ್ ಮಾರಾಯ. ಗುಜರಿಗೆ ಹೋಗಿ ಎಷ್ಟು ವರ್ಷ ಆಯ್ತು! ನೀನು ತಲೆಬಿಸಿ ಮಾಡಬೇಡ. ಅದನ್ನೆಲ್ಲ ಯಾರು ನೋಡ್ತಾರೆ?"

ಅವರು ಇಂಜಿನ್ ಬದಲಾಯಿಸಿದ್ದರು, ಪುಸ್ತಕದಲ್ಲಿ ಬರೆಸಿರಲಿಲ್ಲ. ಮೋಸ ಮಾಡುವ ಮನಸ್ಸಿನವರಲ್ಲ, ಸುಮ್ನೆ ಉದಾಸೀನ. ಹೊಸದರ ಎಚ್‌ಪಿ ಕೂಡ ಹಳೆಯದಕ್ಕಿಂತ ಜಾಸ್ತಿ. ಹಾಗೇ ಅರ್ಜಿ ಹಾಕಿದ್ದರೆ ಪರಿಶೀಲನೆಗೆ ಬಂದ ದಿನವೇ ಸಿಕ್ಕಿಬೀಳುತ್ತಿದ್ದೆ. ಹಳೆ ನಂಬರನ್ನೇ ಬರೆದು ಹಾಕು ಅಂತ ದಕ್ಕೆಯಲ್ಲಿ ಒಬ್ಬರು ಉಪದೇಶವನ್ನೂ ಕೊಟ್ಟರು. ನನಗೆ ಧೈರ್ಯ ಬರಲಿಲ್ಲ. ನಾಳೆ ಬೋಟಿಗೆ ಏನಾದರೂ ಆದರೆ ವಿಮೆಯವರು ಮೊದಲು ಕೇಳುವುದೇ ಇದನ್ನು. ಇಲ್ಲದ ಇಂಜಿನ್ನಿಗೆ ಪರಿಹಾರ ಯಾರು ಕೊಡುತ್ತಾರೆ?

ಕಚೇರಿಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅಲ್ಲಿನ ಮೇಡಂ ಬೈಯಲಿಲ್ಲ. "ಮೊದಲು ಇಂಜಿನ್ ಬದಲಾದದ್ದು ಅವರ ಹೆಸರಲ್ಲೇ ದಾಖಲಾಗಲಿ. ಆಮೇಲೆ ಬೋಟ್ ನಿಮ್ಮ ಹೆಸರಿಗೆ ಮಾಡೋಣ" ಅಂದರು. ಅದಕ್ಕೆ ಹೊಸ ಇಂಜಿನ್ನಿನ ಬಿಲ್ ಬೇಕು, ಹಿರಿಯರ ಸಹಿ ಬೇಕು.

ಹಿರಿಯರಿಗೆ ಆ ಮಳೆಯಲ್ಲಿ ಕಚೇರಿಗೆ ಬರಲು ಮನಸ್ಸಿಲ್ಲ. ಮುಂದಿನ ವಾರ, ಮುಂದಿನ ವಾರ ಅನ್ನುತ್ತಲೇ ಜೂನ್ ಕಳೆಯಿತು. ಕೊನೆಗೆ ಅವರ ಜಗಲಿಯಲ್ಲಿ ಕುಳಿತು ಒಂದು ಮಾತು ಹೇಳಿದೆ.

"ಅಣ್ಣ, ಬೋಟ್ ನನ್ನ ಹತ್ತಿರ ಇದೆ, ಹೆಸರು ನಿಮ್ಮದಿದೆ. ನಾಳೆ ನಾನು ಲೈಟ್ ಹಾಕಿ ಮೀನು ಹಿಡಿದು ಸಿಕ್ಕಿಬಿದ್ದರೆ ನೋಟಿಸ್ ಯಾರ ಮನೆಗೆ ಬರ್ತದೆ?"

ಲೈಟ್ ಫಿಶಿಂಗ್, ಬುಲ್ ಟ್ರಾಲಿಂಗ್ (ಎರಡು ಬೋಟ್ ಸೇರಿ ಒಂದೇ ಬಲೆ ಎಳೆಯುವುದು) 2017ರಿಂದ ನಿಷೇಧ ಅಂತ ಅವರಿಗೂ ಗೊತ್ತು. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಎದ್ದು ಒಳಗೆ ಹೋದರು. ಕಪಾಟಿನಿಂದ ಒಂದು ಪ್ಲಾಸ್ಟಿಕ್ ಚೀಲ ತಂದು ನೆಲದ ಮೇಲೆ ಸುರಿದರು. ಕರೆಂಟ್ ಬಿಲ್, ಐಸ್ ಪ್ಲಾಂಟಿನ ಚೀಟಿ, ಮಗಳ ಮದುವೆಯ ಹಾಲ್ ಬುಕಿಂಗ್ ರಸೀದಿ. ಅವುಗಳ ಮಧ್ಯೆ ನಾಲ್ಕು ಮಡಿಕೆಯಾಗಿ ಇಂಜಿನ್ ಬಿಲ್ಲಿನ ಕಾರ್ಬನ್ ಪ್ರತಿ. ನೀಲಿ ಅಕ್ಷರ ಅರ್ಧ ಮಾಸಿತ್ತು, ನಂಬರ್ ಮಾತ್ರ ಓದಲು ಬರುತ್ತಿತ್ತು. ಜೇಬಿನಲ್ಲಿದ್ದ ಪೆನ್ಸಿಲ್ ಅಚ್ಚು ತೆಗೆದು ಇಬ್ಬರೂ ಒಂದೊಂದೇ ಅಂಕಿ ಜೋರಾಗಿ ಓದಿ ಹೋಲಿಸಿದೆವು. ಸರಿಯಾಯಿತು.

ಅದೇ ಚೀಲದಲ್ಲಿ ಇನ್ನೊಂದು ಕಾಗದವೂ ಸಿಕ್ಕಿತು. ಹಿಂದೆ ಅವರು ಬೋಟಿನ ಮೇಲೆ ಸಾಲ ತೆಗೆದಿದ್ದರು. ತೀರಿಸಿಯೂ ಆಗಿತ್ತು. ಆದರೆ ಆರ್‌ಸಿಯಲ್ಲಿ ಅಡಮಾನದ ನಮೂದು ಹಾಗೇ ಉಳಿದಿತ್ತು, ನಾನು ಅದನ್ನೂ ಗಮನಿಸಿರಲಿಲ್ಲ. ಸಾಲ ಕೊಟ್ಟವರಿಂದ ಬಾಕಿ ಇಲ್ಲ ಅಂತ ಪತ್ರ ತರಲು ಇನ್ನೊಂದು ವಾರ ಹಿಡಿಯಿತು. ಬೋಟ್ ಕೊಳ್ಳುವವರಿಗೆ ನಾನು ಹೇಳುವುದು ಇಷ್ಟೇ. ಮರ ತಟ್ಟಿ ನೋಡುವ ಮೊದಲು ಆರ್‌ಸಿಯ ಎಲ್ಲ ಪುಟ ತಿರುಗಿಸಿ ನೋಡಿ, ಇಂಜಿನ್ ನಂಬರನ್ನು ನೀವೇ ಉಜ್ಜಿ ನೋಡಿ. ಅಡ್ವಾನ್ಸ್ ಕೊಟ್ಟ ಮೇಲಲ್ಲ, ಮೊದಲೇ.

ಮುಂದಿನದೆಲ್ಲ ಸರಸರ ಆಯಿತು. ಕ್ರಯದ ಕರಾರು, ಇಬ್ಬರ ಆಧಾರ್, ಅಫಿಡವಿಟ್, ಮೀನುಗಾರರ ಸಂಘದ ಪತ್ರ, ಬೋಟಿನ ಫೋಟೊ. ಫೋಟೊದಲ್ಲಿ ನಂಬರ್ ಸ್ಪಷ್ಟವಾಗಿ ಕಾಣಬೇಕು. ನನ್ನ ಮೊದಲ ಫೋಟೊದಲ್ಲಿ ಒಣಗಲು ಹಾಕಿದ್ದ ಬಲೆ ನಂಬರಿಗೆ ಅಡ್ಡ ಬಂದಿತ್ತು, ಮತ್ತೆ ತೆಗೆಯಬೇಕಾಯಿತು. ಆರ್‌ಸಿಯಲ್ಲಿ ನನ್ನ ಹೆಸರು ಬಂತು, ಕೊನೆಯ ಕಂತು ಕೊಟ್ಟೆ, ಲೈಸೆನ್ಸಿಗೆ ಅರ್ಜಿ ಹಾಕಿದೆ.

ಲೈಸೆನ್ಸಿನ ಪರಿಶೀಲನೆಗೆ ಬಂದವರು ಇಂಜಿನ್ ನೋಡಿದರು, ಉದ್ದ ಅಳೆದರು. ವಿಎಚ್‌ಎಫ್ ರೇಡಿಯೊ, ಲೈಫ್‌ಬಾಯ್, ಬೆಂಕಿ ಆರಿಸುವ ಸಿಲಿಂಡರ್ ನೋಡಿದರು. ಲೈಫ್ ಜಾಕೆಟ್ ಎಣಿಸಿದರು. ಜನ ಎಂಟು, ಜಾಕೆಟ್ ಆರು. ಆ ಆರರಲ್ಲಿ ಎರಡರ ಪಟ್ಟಿ ಹರಿದಿತ್ತು. ಹಿರಿಯರ ಕಾಲದಲ್ಲಿ ಅವು ತಲೆದಿಂಬು ಆಗಿದ್ದವು ಅಂತ ಕಾಣುತ್ತದೆ. ನಾಲ್ಕು ಹೊಸದು ತಂದೆ. ಬಲೆಯ ಚೀಲದ ಕಣ್ಣನ್ನೂ ಅಳತೆ ಮಾಡಿದರು. ಟ್ರಾಲ್ ಬಲೆಯ ತುದಿಯಲ್ಲಿ 35 ಮಿಲಿಮೀಟರ್ ಚೌಕ ಕಣ್ಣು ಇರಬೇಕು ಅನ್ನುವುದು ನಿಯಮ. ಸಣ್ಣ ಮರಿ ತಪ್ಪಿಸಿಕೊಂಡು ಹೋಗಲಿ ಅಂತ. ಇದು ಒಳ್ಳೆಯ ನಿಯಮ ಅಂತಲೇ ನನ್ನ ಅಭಿಪ್ರಾಯ. ಎಲ್ಲರೂ ಪಾಲಿಸಿದರೆ.

ಆಗಸ್ಟ್ 1 ಬಂತು. ಬೋಟುಗಳೆಲ್ಲ ಹೂವಿನ ಹಾರ ಹಾಕಿಕೊಂಡು ಹೊರಟವು. ನನ್ನ ಲೈಸೆನ್ಸ್ ಇನ್ನೂ ಬಂದಿರಲಿಲ್ಲ. "ಹಳೆ ಲೈಸೆನ್ಸಲ್ಲೇ ಹೋಗಿ ಬಾ, ಯಾರು ಕೇಳ್ತಾರೆ" ಅಂದವರು ತುಂಬಾ ಜನ. ಕಟ್ಟೆಯ ಮೇಲೆ ಕುಳಿತು ಮೊದಲ ದಿನದ ಮೀನು ಇಳಿಯುವುದನ್ನು ನೋಡಿದೆ. ಹೊಟ್ಟೆ ಉರಿಯಲಿಲ್ಲ ಅಂದರೆ ಸುಳ್ಳಾಗುತ್ತದೆ. ಎಂಟು ಜನರಿಗೆ ಖರ್ಚಿಗೆ ಅಂತ ಅಡ್ವಾನ್ಸ್ ಕೊಟ್ಟು ಕೂರಿಸಿದ್ದೆ. ಆದರೆ ಒಬ್ಬ ಕಲಾಸಿಗೆ ಕಡಲಲ್ಲಿ ಏನಾದರೂ ಆಯಿತು ಅಂತ ಇಟ್ಟುಕೊಳ್ಳಿ, ಅವನ ಮನೆಯವರು ಪರಿಹಾರಕ್ಕೆ ಅಲೆಯುವಾಗ ಬೋಟ್ ಒಬ್ಬರದು, ಲೈಸೆನ್ಸ್ ಇನ್ನೊಬ್ಬರದು ಅಂತ ಆಗಬಾರದು. ನಾನೂ ಕಲಾಸಿಯಾಗಿದ್ದವನೇ.

ಹನ್ನೆರಡು ದಿನ ತಡವಾಗಿ ಲೈಸೆನ್ಸ್ ಬಂತು. ಕರರಹಿತ ಡೀಸೆಲ್ಲಿನ ಪಾಸ್‌ಬುಕ್ ನನ್ನ ಹೆಸರಿಗೆ ಆಗಲು ಇನ್ನೂ ಸ್ವಲ್ಪ ದಿನ ಬೇಕಾಯಿತು. ಅಲ್ಲಿಯವರೆಗೆ ಪೂರ್ತಿ ರೇಟಿಗೆ ಡೀಸೆಲ್ ಹಾಕಿಸಿ ಎರಡು ಟ್ರಿಪ್ ಹೋದೆ, ಲಾಭ ಅಷ್ಟಕ್ಕಷ್ಟೇ. ಈ ಪಾಸ್‌ಬುಕ್ಕಿನ ಕೆಲಸವನ್ನು ಲೈಸೆನ್ಸ್ ಜೊತೆಗೇ ಕೇಳಿಕೊಳ್ಳಬೇಕಿತ್ತು. ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಅಕ್ಟೋಬರಿನಲ್ಲಿ ಒಂದು ಬೆಳಿಗ್ಗೆ ಗಸ್ತಿನ ಬೋಟ್ ನಮ್ಮನ್ನು ನಿಲ್ಲಿಸಿತು. ನಾನು ಪ್ಲಾಸ್ಟಿಕ್ ಫೈಲ್ ಹಿಡಿದು ಸಿದ್ಧನಾದೆ. ಆರ್‌ಸಿ, ಲೈಸೆನ್ಸ್, ವಿಮೆ, ಇಂಜಿನ್ ಬಿಲ್ಲಿನ ಜೆರಾಕ್ಸ್, ಆ ಪೆನ್ಸಿಲ್ ಅಚ್ಚು ಕೂಡ ಅದರಲ್ಲಿತ್ತು. ಬಂದ ಹುಡುಗ ಎಲ್ಲರ ಗುರುತಿನ ಚೀಟಿ ನೋಡಿದ, ಲೈಸೆನ್ಸ್ ನೋಡಿದ, ನಂಬರ್ ಬರೆದುಕೊಂಡ. ಇಂಜಿನ್ ಕೋಣೆಯ ಮುಚ್ಚಳ ತೆಗೆಯಲಾ ಅಂತ ನಾನೇ ಕೇಳಿದೆ.

"ಯಾಕೆ, ಏನಾದ್ರೂ ಪ್ರಾಬ್ಲಂ ಉಂಟಾ?" ಅಂದ.

ಇಲ್ಲ ಅಂದೆ. ಬಂಗುಡೆ ಎಷ್ಟು ಬಿತ್ತು ಅಂತ ವಿಚಾರಿಸಿ ಹೋದ.