ತಾಪಮಾನದ ಅಲಾರಂಗಳನ್ನು ತೀವ್ರತೆಗೆ ತಕ್ಕಂತೆ ವಿಂಗಡಿಸಿದ ನನ್ನ ಅನುಭವ

ಶೀತಲೀಕರಣ ಉಪಕರಣಗಳ ನಿಗಾ ವ್ಯವಸ್ಥೆ ನನ್ನ ಹೊಣೆಗೆ ಬಂದಾಗ ಎಲ್ಲ ಫ್ರಿಜ್, ಫ್ರೀಜರ್‌ಗಳಿಗೂ ಒಂದೇ ಬಗೆಯ ಅಲಾರಂ ಇತ್ತು. ಬಾಗಿಲು ತೆರೆದಿಟ್ಟರೂ, ಡಿಫ್ರಾಸ್ಟ್ (ಒಳಗೆ ಕಟ್ಟಿದ ಹಿಮವನ್ನು ಹೀಟರಿನಿಂದ ಕರಗಿಸುವ ಕ್ರಮ) ನಡೆದರೂ, ಕಂಪ್ರೆಸರ್ ಕೆಟ್ಟರೂ ಪಾಳಿಯಲ್ಲಿದ್ದವರ ಮೊಬೈಲ್‌ಗೆ ಅದೇ ಕೆಂಪು ಸಂದೇಶ ಹೋಗುತ್ತಿತ್ತು. ಒಂದು ರಾತ್ರಿ ಫ್ರೀಜರೊಂದರ ಒಳಗಿನ ಫ್ಯಾನ್ ನಿಂತುಹೋಯಿತು. ಅದರ ಸಂದೇಶ ಹತ್ತಾರು ಸಂದೇಶಗಳ ನಡುವೆ ಸೇರಿಹೋಗಿ ಬೆಳಗಿನವರೆಗೂ ಯಾರ ಕಣ್ಣಿಗೂ ಬೀಳಲಿಲ್ಲ. ಪಾಳಿಯವರನ್ನು ದೂರಲು ನನಗೆ ಮನಸ್ಸು ಬರಲಿಲ್ಲ, ಏಕೆಂದರೆ ಪ್ರತಿದಿನ ಸುಳ್ಳು ಹೇಳುವ ಅಲಾರಂ ಅನ್ನು ನಂಬಬೇಡಿ ಎಂದು ಅವರಿಗೆ ಕಲಿಸಿದ್ದು ನಮ್ಮ ವ್ಯವಸ್ಥೆಯೇ.

ಆ ಫ್ರೀಜರಿನ ಹಳೆಯ ದಾಖಲೆಗಳನ್ನು ತೆಗೆದು ನೋಡಿದೆ. ಡಿಫ್ರಾಸ್ಟ್ ಸಮಯದಲ್ಲಿ ಗಾಳಿಯ ತಾಪಮಾನ ಮೈನಸ್ 20ರಿಂದ ಮೈನಸ್ 12 ಡಿಗ್ರಿಗೆ ಸರ್ರನೆ ಏರಿ, ಸ್ವಲ್ಪ ಹೊತ್ತಿನಲ್ಲೇ ಇಳಿಯುತ್ತಿತ್ತು. ದಿನವೂ ಅದೇ ಗಂಟೆಗೆ, ಅದೇ ಆಕಾರದಲ್ಲಿ. ಫ್ಯಾನ್ ನಿಂತ ರಾತ್ರಿಯ ಗೆರೆಯಾದರೋ ಗಂಟೆಗೆ ಒಂದೊಂದೇ ಡಿಗ್ರಿ ಏರುತ್ತ ಹೋಗಿ, ಎಲ್ಲಿಯೂ ಇಳಿದಿರಲಿಲ್ಲ. ಎರಡರಲ್ಲೂ ಮೈನಸ್ 12 ಎಂಬ ಅಂಕಿ ಬರುತ್ತದೆ. ಒಂದರಲ್ಲಿ ಪೆಟ್ಟಿಗೆಗಳ ಒಳಗಿನ ಸರಕಿಗೆ ಅದು ಮುಟ್ಟುವುದೂ ಕಡಿಮೆ, ಇನ್ನೊಂದರಲ್ಲಿ ಸರಕೇ ಬೆಚ್ಚಗಾಗುತ್ತಿದೆ.

ಹಾಗಾಗಿ ತೀವ್ರತೆಯನ್ನು ಒಂದೇ ಪ್ರಶ್ನೆಯಿಂದ ನಿರ್ಧರಿಸತೊಡಗಿದೆ: ಈಗ ಯಾರೂ ಏನೂ ಮಾಡದಿದ್ದರೆ ಒಳಗಿನ ವಸ್ತು ಕೆಡಲು ಎಷ್ಟು ಹೊತ್ತು ಬೇಕು? ಇದನ್ನು ನನಗೆ ಸ್ಪಷ್ಟವಾಗಿ ತೋರಿಸಿದ್ದು ಲಸಿಕೆಯ ಫ್ರಿಜ್. ಅಲ್ಲಿ ಇರಬೇಕಾದದ್ದು 2ರಿಂದ 8 ಡಿಗ್ರಿ. ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡದಂತೆ ತಯಾರಾದ, ತಾಪಮಾನ ದಾಖಲಿಸುವ ಉಪಕರಣಗಳು 8 ಡಿಗ್ರಿಗಿಂತ ಮೇಲೆ ಸತತ 10 ಗಂಟೆ ಇದ್ದರೆ ಅಲಾರಂ ಕೊಡುತ್ತವೆ, ಮೈನಸ್ 0.5 ಅಥವಾ ಅದಕ್ಕಿಂತ ಕೆಳಗಾದರೆ 60 ನಿಮಿಷವೇ ಸಾಕು. ಅಲ್ಯೂಮಿನಿಯಂ ಲವಣ ಬೆರೆತ ಹೆಪಟೈಟಿಸ್-ಬಿಯಂಥ ಲಸಿಕೆ ಒಮ್ಮೆ ಹೆಪ್ಪುಗಟ್ಟಿದರೆ ಅದರ ಶಕ್ತಿ ಮರಳಿ ಬರುವುದಿಲ್ಲ. ಆದ್ದರಿಂದ ಇಂಥ ಫ್ರಿಜ್ಜಿನಲ್ಲಿ ತಂಪು ಹೆಚ್ಚಾದದ್ದನ್ನು ಅತಿ ತುರ್ತು ಎಂದೂ, 9 ಡಿಗ್ರಿಯನ್ನು ಮೊದಲಿಗೆ ಗಮನಿಸಬೇಕಾದದ್ದು ಎಂದೂ, ಅದು ಇಳಿಯದೆ ಮುಂದುವರಿದರೆ ತುರ್ತು ಎಂದೂ ಇಟ್ಟೆ.

ಡಿಫ್ರಾಸ್ಟ್ ವಿಷಯದಲ್ಲಿ ನಾನೇ ಒಂದು ತಪ್ಪು ಮಾಡಿದೆ. ಆ ಅವಧಿಯಲ್ಲಿ ಅಲಾರಂ ಪೂರ್ತಿ ಮೌನವಾಗುವಂತೆ ಮಾಡಿದ್ದೆ. ಆದರೆ ಡಿಫ್ರಾಸ್ಟಿನ ಹೀಟರ್ ಆರದೆ ಉಳಿದುಬಿಟ್ಟರೆ ಆ ಮೌನದ ಮರೆಯಲ್ಲೇ ಸರಕು ಕರಗುತ್ತದೆ ಎಂಬುದು ಆಮೇಲೆ ಹೊಳೆಯಿತು. ಈಗ ಮೌನಕ್ಕೆ ಗಡುವಿದೆ, ಅದು ಮುಗಿದೂ ತಾಪಮಾನ ಇಳಿಯದಿದ್ದರೆ ಸಂದೇಶ ನೇರವಾಗಿ ಮೇಲಿನ ಹಂತಕ್ಕೆ ಹೋಗುತ್ತದೆ. ಸೆನ್ಸರಿನಿಂದ ಮಾಹಿತಿಯೇ ಬಾರದಿರುವುದನ್ನೂ ತುರ್ತಿನ ಸಾಲಿಗೆ ಸೇರಿಸಿದೆ, ಏಕೆಂದರೆ ಮಾಹಿತಿ ಇಲ್ಲದ ಫ್ರೀಜರ್ ಸರಿಯಾಗಿದೆ ಎನ್ನಲು ಯಾವ ಆಧಾರವೂ ಇಲ್ಲ. ತುರ್ತು ಸಂದೇಶವನ್ನು ನೋಡಿದ್ದೇನೆ ಎಂದು ಅರ್ಧ ಗಂಟೆಯೊಳಗೆ ಯಾರೂ ತಿಳಿಸದಿದ್ದರೆ ಅದು ಅತಿ ತುರ್ತಿನ ಹಂತಕ್ಕೆ ಏರಿ, ಮೇಲಿನವರಿಗೆ ಕರೆ ಹೋಗುತ್ತದೆ.

ನನಗೆ ಇನ್ನೂ ಸಮಾಧಾನವಿಲ್ಲದ ಒಂದು ಅಂಶವೆಂದರೆ ಸರಕಿನ ಪ್ರಮಾಣ. ತುಂಬಿದ ಫ್ರೀಜರ್ ತಂಪನ್ನು ಬಹಳ ಹೊತ್ತು ಹಿಡಿದಿಡುತ್ತದೆ, ಅರೆಬರೆ ಖಾಲಿಯಾದದ್ದು ಬೇಗ ಬೆಚ್ಚಗಾಗುತ್ತದೆ. ಹೀಗಾಗಿ ಒಂದೇ ಗಡುವು ಎರಡಕ್ಕೂ ಹೊಂದುವುದಿಲ್ಲ. ಸದ್ಯಕ್ಕೆ ಪ್ರತಿ ಪಾಳಿಯ ಕೊನೆಗೆ ಯಾವ ಫ್ರೀಜರ್ ಎಷ್ಟು ತುಂಬಿದೆ ಎಂದು ಬರೆಸಿ, ಅರ್ಧಕ್ಕಿಂತ ಕಡಿಮೆ ಇದ್ದವುಗಳ ಗಡುವನ್ನು ಕೈಯಾರೆ ಕಡಿಮೆ ಮಾಡುತ್ತಿದ್ದೇನೆ.