ಕೆರೆಯಂಚಿಗೆ ಹೊಳೆಮತ್ತಿ: ಜಾಗ ಗುರುತಿಸುವುದರಿಂದ ಶುರು ಮಾಡಿ

2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು, ಅಂದರೆ ಬೆಂಗಳೂರಿನಲ್ಲಿ ಶುದ್ಧೀಕರಿಸಿ ಕಳಿಸುವ ಕೊಳಚೆ ನೀರು, ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂತು. ಆಮೇಲೆ ಕೋಲಾರ ಜಿಲ್ಲೆಯ ಎಷ್ಟೋ ಕೆರೆಗಳಲ್ಲಿ ನೀರು ನಿಂತಿತು. ನೀರು ಕಂಡ ಊರುಗಳಲ್ಲಿ ಗಿಡ ನೆಡುವ ಹುರುಪೂ ಬಂತು. ಕೆರೆಯಂಚಿಗೆ ಹೊಳೆಮತ್ತಿಗಿಂತ ಒಳ್ಳೆಯ ಮರ ನನಗೆ ಗೊತ್ತಿಲ್ಲ. ನೀರುಮತ್ತಿ, ತೊರೆಮತ್ತಿ ಅಂತಲೂ ಕರೆಯುತ್ತಾರೆ. ಬೇರು ನೀರಲ್ಲಿದ್ದರೂ ತಡೆಯುತ್ತದೆ, ದಂಡೆಯ ಮಣ್ಣು ಹಿಡಿಯುತ್ತದೆ, ಅರವತ್ತು–ಎಪ್ಪತ್ತು ಅಡಿ ಬೆಳೆದು ನೆರಳು ಕೊಡುತ್ತದೆ. ಆದರೂ ನೆಟ್ಟ ಸಸಿಗಳಲ್ಲಿ ಒಂದಷ್ಟು ಮುಳುಗಿ ಕೊಳೆಯುತ್ತವೆ, ಇನ್ನೊಂದಷ್ಟು ಏಪ್ರಿಲ್ ಬಿಸಿಲಿಗೆ ಒಣಗುತ್ತವೆ. ಇದನ್ನು ಊರೂರಲ್ಲೂ ನೋಡುತ್ತಿದ್ದೇನೆ. ಎರಡಕ್ಕೂ ಕಾರಣ ಒಂದೇ: ಜಾಗ ನೋಡದೆ ಗುಂಡಿ ತೋಡುವುದು.

ಸಸಿ: ಅರಣ್ಯ ಇಲಾಖೆಯ ನರ್ಸರಿಯಲ್ಲಿ ಕೇಳಿ. ವರ್ಷ ತುಂಬಿದ, ಎರಡು–ಮೂರು ಅಡಿ ಎತ್ತರದ ಸಸಿ ಸಾಕು. ಆಳೆತ್ತರದ ಗಿಡಕ್ಕೆ ಜಾಸ್ತಿ ದುಡ್ಡು ಕೊಡಬೇಡಿ. ಚೀಲದಲ್ಲೇ ಅಷ್ಟು ದಿನ ಇದ್ದ ಗಿಡದ ಬೇರು ಸುತ್ತಿಕೊಂಡಿರುತ್ತದೆ. ಬೀಜದಿಂದಲೇ ಬೆಳೆಸುವುದಾದರೆ ನುಣುಪಾದ, ಬೂದು ಬಣ್ಣದ ತೊಗಟೆಯ ಮರ ಹುಡುಕಿ. ತೊಗಟೆ ಮೊಸಳೆ ಚರ್ಮದ ಹಾಗೆ ಒಡೆದಿದ್ದರೆ ಅದು ಕರಿಮತ್ತಿ, ಬೇರೆ ಮರ. ಬೇಸಿಗೆಯಲ್ಲಿ ಐದು ರೆಕ್ಕೆಯ ಒಣಕಾಯಿ ಬುಡದಲ್ಲೇ ಸಿಗುತ್ತದೆ. ಎರಡು ಮೂರು ದಿನ ನೀರಲ್ಲಿ ನೆನೆಹಾಕಿ ಬಿತ್ತಿ. ಮೊಳಕೆ ನಿಧಾನ, ತಿಂಗಳು ಮೀರಿದರೂ ಚೀಲ ಸುರಿದುಬಿಡಬೇಡಿ.

ಈಗ ಜಾಗ. ಇಲ್ಲಿ ಅವಸರ ಬೇಡ.

ಮೊದಲ ಮಾತು, ಏರಿಯ ಮೇಲೆ ನೆಡಲೇಬಾರದು. ಏರಿ ಮಣ್ಣಿನ ಕಟ್ಟೆ. ದೊಡ್ಡ ಮರದ ಬೇರು ಒಳಗೆ ಹೊಕ್ಕು, ಮುಂದೊಂದು ದಿನ ಸತ್ತು ಕೊಳೆತರೆ ಅದೇ ದಾರಿಯಲ್ಲಿ ನೀರು ಜಿನುಗಲು ಶುರುವಾಗುತ್ತದೆ. ತೂಬಿನ ಹತ್ತಿರವೂ ಬೇಡ. ಫೋಟೋಗೆ ಚೆನ್ನಾಗಿ ಕಾಣುತ್ತದೆ ಅಂತ ಏರಿ ಮೇಲೆ ಸಾಲಾಗಿ ನೆಡುವವರನ್ನು ದಯವಿಟ್ಟು ತಡೆಯಿರಿ. ಹೊಳೆಮತ್ತಿಗೆ ಸರಿಯಾದ ಜಾಗ ಏರಿಯ ಎದುರು ದಂಡೆ, ಮತ್ತೆ ಕೆರೆಗೆ ನೀರು ತರುವ ಕಾಲುವೆಯ ಎರಡೂ ಬದಿ.

ಎರಡನೆಯದು ಎತ್ತರ. ಬೆಳೆದ ಮರ ನೀರು ತಡೆಯುತ್ತದೆ, ನಿಜ. ಎರಡಡಿ ಸಸಿ ಎಲೆ ಸಮೇತ ವಾರಗಟ್ಟಲೆ ಮುಳುಗಿದರೆ ಉಳಿಯುವುದಿಲ್ಲ. ಜೂನ್‌ನಲ್ಲಿ ಕೆರೆ ಅರ್ಧ ಖಾಲಿ ಇರುತ್ತದೆ. ನೀರಿನ ಅಂಚು ಇಲ್ಲೇ ಅಲ್ವಾ ಅಂತ ನೆಟ್ಟುಬಿಡುತ್ತಾರೆ. ನಮ್ಮ ಕಡೆ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಆಗ ನೀರು ಮೇಲೇರಿ ಸಸಿಯ ತುದಿಯೂ ಕಾಣುವುದಿಲ್ಲ. ದಡದಲ್ಲಿ ಸಾಲಾಗಿ ಒಣಗಿ ಬಿದ್ದ ಕಸಕಡ್ಡಿಯನ್ನೂ ನಂಬಬೇಡಿ, ಅದು ಹೋದ ಸಲದ ಗುರುತು ಅಷ್ಟೇ.

ನಂಬಬೇಕಾದದ್ದು ಕೋಡಿಯನ್ನು. ಕೆರೆ ತುಂಬಿದಾಗ ನೀರು ನಿಲ್ಲುವುದು ಕೋಡಿಯ ಮಟ್ಟಕ್ಕೆ. ಕೋಡಿ ಹರಿಯುವಾಗ ನೀರಿನ ಅಂಚಿಗೆ ಗೂಟ ಹೊಡೆದಿಟ್ಟಿದ್ದರೆ ಕೆಲಸ ಸುಲಭ. ಇಲ್ಲದಿದ್ದರೆ ಗಾರೆ ಕೆಲಸದವರು ಮಟ್ಟ ನೋಡುವ ಪಾರದರ್ಶಕ ಪೈಪು ತನ್ನಿ. ನೀರು ತುಂಬಿ, ಗಾಳಿಗುಳ್ಳೆ ಹೋಗುವವರೆಗೆ ಕಾಯಿರಿ. ಒಬ್ಬರು ಒಂದು ತುದಿಯನ್ನು ಕೋಡಿ ಕಲ್ಲಿನ ಮೇಲ್ಮೈಗೆ ಹಿಡಿಯಲಿ, ಇನ್ನೊಬ್ಬರು ಪೈಪು ಹೋಗುವಷ್ಟು ದೂರದಲ್ಲಿ ಗೂಟಕ್ಕೆ ಗುರುತು ಹಾಕಲಿ. ಆ ಗುರುತಿನಿಂದ ಮುಂದಿನ ಗೂಟಕ್ಕೆ, ಹೀಗೆ ದಂಡೆಯುದ್ದಕ್ಕೂ ಹೋಗಿ. ಆ ಮಟ್ಟಕ್ಕಿಂತ ಒಂದರಿಂದ ಎರಡು ಅಡಿ ಮೇಲೆ ಗುಂಡಿ ಬರಲಿ. ಇನ್ನೂ ಮೇಲಕ್ಕೆ ಹೋದರೆ ಗೊರಚು ನೆಲ, ಬೇಸಿಗೆಯಲ್ಲಿ ತೇವ ಸಿಗುವುದಿಲ್ಲ. ಕೆರೆ ಜಾಗ ಪಂಚಾಯಿತಿಯದೋ ಸಣ್ಣ ನೀರಾವರಿ ಇಲಾಖೆಯದೋ ಕೇಳಿ, ಒಪ್ಪಿಗೆ ತೆಗೆದುಕೊಂಡೇ ಗುದ್ದಲಿ ಎತ್ತಿ.

ಗುಂಡಿ ಎರಡಡಿ ಉದ್ದ, ಅಗಲ, ಆಳ. ಗಿಡದಿಂದ ಗಿಡಕ್ಕೆ ಮೂವತ್ತು ಅಡಿ ಬಿಡಿ. ತೋಡಿದ ಮಣ್ಣಿಗೆ ಎರಡು ಬುಟ್ಟಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಗೆದ್ದಲು ಇದ್ದರೆ ಎರಡು ಹಿಡಿ ಬೇವಿನ ಹಿಂಡಿ ಬೆರೆಸಿ. ಬೇರು ಬರಿಸುವ ಪುಡಿ, ನೀರು ಹಿಡಿಯುವ ಜೆಲ್ ಅಂತ ಮಾರುವುದೆಲ್ಲ ಕೆರೆಯಂಚಿಗೆ ದಂಡ. ಆ ದುಡ್ಡಿಗೆ ಬೇಲಿ ಕಟ್ಟಿ.

ಆರಿದ್ರಾ, ಪುನರ್ವಸು ಮಳೆಯಲ್ಲಿ (ಜೂನ್ ಕೊನೆಯಿಂದ ಜುಲೈ ಮಧ್ಯದವರೆಗೆ) ನೆಟ್ಟರೆ ಹಿಂಗಾರು ಬರುವಷ್ಟರಲ್ಲಿ ಬೇರು ಕಚ್ಚಿರುತ್ತದೆ. ಚೀಲವನ್ನು ಬ್ಲೇಡಿನಿಂದ ಸೀಳಿ ಪೂರ್ತಿ ತೆಗೆಯಿರಿ. ತಳ ಮಾತ್ರ ಕತ್ತರಿಸಿ ಇಳಿಸುವವರಿದ್ದಾರೆ, ಅದು ತಪ್ಪು. ಮಣ್ಣಿನ ಮುದ್ದೆಯನ್ನು ತಿರುಗಿಸಿ ನೋಡಿ. ತಳದಲ್ಲಿ ದಾರದುಂಡೆಯಂತೆ ಬೇರು ಸುತ್ತಿಕೊಂಡಿದ್ದರೆ ಬೆರಳಿನಿಂದ ಬಿಡಿಸಿ. ಬಿಡಿಸಲು ಬಾರದ್ದನ್ನು ಕತ್ತರಿಸಿಬಿಡಿ. ಹಾಗೇ ಬಿಟ್ಟರೆ ಬೇರು ಅಲ್ಲೇ ಸುತ್ತುತ್ತಾ ದಪ್ಪವಾಗುತ್ತದೆ, ಮರ ದೊಡ್ಡದಾದ ಮೇಲೆ ಗಾಳಿಗೆ ಉರುಳುತ್ತದೆ. ಚೀಲದಲ್ಲಿ ಕಾಂಡ ಎಲ್ಲಿಯವರೆಗೆ ಮಣ್ಣಲ್ಲಿತ್ತೋ ಇಲ್ಲೂ ಅಲ್ಲಿಯವರೆಗೇ ಇರಲಿ.

ಊರೆಗೋಲಿಗೆ ಹತ್ತಿ ಬಟ್ಟೆಯಿಂದ ಸಡಿಲವಾಗಿ ಕಟ್ಟಿ. ಪ್ಲಾಸ್ಟಿಕ್ ದಾರ ಬೇಡ, ಕಾಂಡ ಕೊರೆಯುತ್ತದೆ. ಮೇಕೆಗಳಿಗೆ ಬಳ್ಳಾರಿ ಜಾಲಿ ಮುಳ್ಳಿನ ಬೇಲಿ ಸಾಕು.

ಮೊದಲ ಎರಡು ಬೇಸಿಗೆ ವಾರಕ್ಕೊಮ್ಮೆ ಎರಡು ಬಿಂದಿಗೆ ನೀರು, ಪಾತಿಗೆ ಒಣಎಲೆಯ ಹೊದಿಕೆ. ನೀರಿನ ಮರ, ಅದೇ ಬದುಕುತ್ತದೆ ಅಂತ ಸುಮ್ನೆ ಕೂರಬೇಡಿ. ಬೇಸಿಗೆ ಶುರುವಾಗುವಾಗ ಎಲೆ ಉದುರಿದರೆ ಗಿಡ ಹೋಯಿತು ಅಂದುಕೊಳ್ಳಬೇಡಿ. ಉಗುರಿನಿಂದ ತೊಗಟೆ ಚೂರು ಕೆರೆದು ನೋಡಿ. ಒಳಗೆ ಹಸಿರಿದ್ದರೆ ಜೀವ ಇದೆ. ಎಲೆ ಮೇಲೆ ಗುಳ್ಳೆಗಳೆದ್ದರೆ ಅದು ಒಂದು ಸಣ್ಣ ಹೀರುವ ಕೀಟದ ಕೆಲಸ. ಆ ಎಲೆ ಕಿತ್ತು ಸುಟ್ಟುಬಿಡಿ. ಕೆರೆ ಪಕ್ಕ ವಿಷ ಸಿಂಪಡಿಸುವ ಮಾತೇ ಬೇಡ.

ಮರ ದಪ್ಪವಾದ ಮೇಲೆ ಎದೆ ನೋವಿನ ಕಷಾಯಕ್ಕೆ ಅಂತ ತೊಗಟೆ ಕೇಳಿಕೊಂಡು ಜನ ಬರುತ್ತಾರೆ. ಕೊಡುವುದಾದರೆ ಒಂದು ಪಕ್ಕದಿಂದ ಅಂಗೈಯಗಲ, ಅದೂ ಮೇಲಿನ ಪದರ ಮಾತ್ರ. ಕಟ್ಟಿಗೆ ಕಾಣುವವರೆಗೆ ಕೆತ್ತಬಾರದು, ಸುತ್ತಲೂ ಸುಲಿಯಬಾರದು. ಯಾರೋ ಸುತ್ತ ಸುಲಿದು ಮೇಲೆಲ್ಲ ಒಣಗಿದ್ದರೆ ಸುಲಿದ ಜಾಗದ ಕೆಳಗೆ ಕೊಯ್ದುಬಿಡಿ. ಬುಡದಿಂದ ಚಿಗುರುವ ಶಕ್ತಿ ಹೊಳೆಮತ್ತಿಗಿದೆ. ಬಂದ ಚಿಗುರುಗಳಲ್ಲಿ ನೆಟ್ಟಗಿರುವ ಒಂದನ್ನು ಉಳಿಸಿ ಮಿಕ್ಕವನ್ನು ಕತ್ತರಿಸಿ, ಬೇಲಿ ಮತ್ತೆ ಹಾಕಿ.